ಒಬ್ಬೊಬ್ಬರಿಗೆ ಐದು ಎಲೆ

ನನ್ನ ಅಕ್ಕನ ಗಂಡ ಕಡಬ ಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವರು. ಮನೆ ಇಚಿಲಂಪಾಡಿಯಲ್ಲಿ. ಅರುವತ್ತರ ಹತ್ತಿರದ ಪ್ರಾಯ, ಹುಬ್ಬಿನ ಮೇಲೆ ಸದಾ ಒಂದು ಪದರ ಅಕ್ಕಿಹಿಟ್ಟು. ಒಂದು ವಿಷಯ ತಲೆಗೆ ಹೊಕ್ಕಿತೆಂದರೆ ಅದನ್ನು ನುಣ್ಣಗೆ ಬೀಸಿ ಮುಗಿಸುವವರೆಗೆ ಬಿಡುವ ಜನ ಅಲ್ಲ. ಜೇನು ಸಾಕುವುದು, ಹಾರ್ಮೋನಿಯಂ ನುಡಿಸುವುದು, ಮಲಯಾಳ ಓದಲು ಕಲಿಯುವುದು ಎಲ್ಲವೂ ಹೀಗೆ ಬಂದು ಹೀಗೆ ಹೋಗಿವೆ. ಪುತ್ತೂರಿನಲ್ಲಿ ಕನ್ನಡಕದ ಅಂಗಡಿ ನಡೆಸುವ ನಾನು ಇವೆಲ್ಲದರಲ್ಲೂ ಅವರ ಕಾಯಂ ಜೊತೆಗಾರ. ಅವರಿಗೆ ಹೂಂ ಅನ್ನಲು ಒಬ್ಬ ಬೇಕು, ನನಗೆ ಭಾನುವಾರ ಅಕ್ಕನ ಕೈಯ ಊಟ ಬೇಕು. ಒಪ್ಪಂದ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು.

ಪೋಕರ್ ಎಂಬ ಇಸ್ಪೀಟಾಟ ಭಾವನ ತಲೆಗೆ ಹೊಕ್ಕದ್ದು ಫೋನಿನ ವೀಡಿಯೊದಿಂದ. ಮದುವೆ ಮನೆಗಳಲ್ಲಿ ಇಸ್ಪೀಟಿನ ಇಪ್ಪತ್ತೆಂಟು ಆಡುವಾಗ ಭಾವನನ್ನು ಸೋಲಿಸಿದವರು ಕಡಿಮೆ. ಆ ಧೈರ್ಯದಲ್ಲಿ ಅವರು ಒಂದು ದಿನ, "ನೋಡು ಮಾರಾಯ, ಇದೆಂತ ದೊಡ್ಡ ವಿದ್ಯೆ ಅಲ್ಲ" ಎಂದು ಫೋನನ್ನು ನನ್ನ ಮೂಗಿಗೆ ಹಿಡಿದರು. ಆಟಗಾರನಿಗೆ ಕವುಚಿ ಹಾಕಿದ ಎರಡು ಎಲೆ. ನಮ್ಮ ಕಡೆ ಇಸ್ಪೀಟಿನ ಕಾರ್ಡಿಗೂ ಎಲೆ ಎಂದೇ ಹೇಳುವುದು. ಮೇಜಿನ ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ, ಒಂದಾದ ಮೇಲೆ ಒಂದು ತೆರೆದುಕೊಳ್ಳುತ್ತವೆ. ಕೈಯದ್ದು, ಮೇಜಿನದ್ದು ಸೇರಿಸಿ ಐದೆಲೆಯ ಒಳ್ಳೆಯ ಕಟ್ಟು ಯಾರದ್ದೋ ಅವರು ಗೆದ್ದರು. ಮಧ್ಯೆ ಮಧ್ಯೆ ಪಣ ಏರಿಸಬಹುದು, ಬೇಡವಾದರೆ ಎಲೆ ಚೆಲ್ಲಿ ಸುಮ್ಮನೆ ಕೂರಬಹುದು.

ಆ ಮಳೆಗಾಲ ಪೂರ್ತಿ ಭಾನುವಾರಗಳಂದು ಗಿರಣಿಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಎರಡೆಲೆಯ ಆಟ ಆಡಿದೆವು. ಪಣಕ್ಕೆ ಗೇರುಬೀಜ. ಭಾವ ಗೆಲ್ಲುತ್ತಾ ಗೆಲ್ಲುತ್ತಾ ಹೋದರು, ಯಾಕೆಂದರೆ ಎದುರು ಇದ್ದದ್ದು ನಾನು. ದೀಪಾವಳಿ ಕಳೆದ ಮೇಲೆ ಗೋವಾಕ್ಕೆ ಹೋಗಿ ಹಡಗಿನ ಕ್ಯಾಸಿನೊದಲ್ಲಿ ಒಮ್ಮೆ ಕೂರಲೇಬೇಕು ಎಂದು ಘೋಷಣೆಯಾಯಿತು. ಅಕ್ಕ ಬೇಡ ಎನ್ನಲಿಲ್ಲ. "ನಾನೂ ಬರುದು. ಆಡ್ಲಿಕ್ಕೆ ಎಷ್ಟು ಅಂತ ನಾನು ಕೊಡುದು. ಅದು ಮುಗಿದ್ರೆ ಮುಗೀತು, ಆಮೇಲೆ ಮುಖ ಉಬ್ಬಿಸ್ಲಿಕ್ಕಿಲ್ಲ" ಎಂದಳು. ಭಾವ ತಲೆಯಾಡಿಸಿದರು. ಗೆಲ್ಲುವವನಿಗೆ ಷರತ್ತಿನ ಭಯ ಯಾಕೆ?

ಕ್ಯಾಸಿನೊಗೆ ಚಪ್ಪಲಿ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಭಾವ ಪುತ್ತೂರಿಗೆ ಬಂದು ಕಪ್ಪು ಬೂಟು ಕೊಂಡರು. ಮಡಗಾಂವಿನಲ್ಲಿ ರೈಲು ಇಳಿಯುವಷ್ಟರಲ್ಲಿ ಬೂಟು ಎರಡೂ ಹಿಮ್ಮಡಿಯನ್ನು ಕಚ್ಚಿಯಾಗಿತ್ತು. ಪಣಜಿಯ ನದಿಯಲ್ಲಿ ಲಂಗರು ಹಾಕಿ ನಿಂತ ಹಡಗಿಗೆ ಸಣ್ಣ ದೋಣಿಯಲ್ಲಿ ಹೋಗಬೇಕು. ಭಾವ ಕುಂಟುತ್ತಾ, ಆದರೆ ಮದುಮಗನ ಗತ್ತಿನಲ್ಲಿ ಹಡಗು ಹತ್ತಿದರು.

ಒಳಗೆ ಪೋಕರಿನ ಕೋಣೆಗೆ ಹೋಗಿ ನೋಡಿದರೆ ನಾವು ಕಲಿತ ಆಟವೇ ಇಲ್ಲ. ಪ್ರತಿ ಮೇಜಿನಲ್ಲೂ ಜನ ಬೀಸಣಿಗೆಯ ಹಾಗೆ ನಾಲ್ಕು ನಾಲ್ಕು ಎಲೆ ಹಿಡಿದುಕೊಂಡು ಕೂತಿದ್ದಾರೆ. ಮೂಲೆಯ ಒಂದು ಮೇಜು ಮಾತ್ರ ಖಾಲಿ. ಅದು ಎರಡೆಲೆಯ ಮೇಜಂತೆ, ಇನ್ನೂ ಜನ ಸೇರಬೇಕಂತೆ.

"ಇದೆಂತ, ನಾಲ್ಕು ನಾಲ್ಕು ಕೊಡ್ತಾ ಇದ್ದಾರೆ?" ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದ್ದು ಗಿರಣಿಯ ಮಾಲಕನ ಸ್ವರದಲ್ಲಿ. ಓಡುವ ಯಂತ್ರದ ಮುಂದೆ ಮಾತಾಡಿ ಅಭ್ಯಾಸವಾದವರ ಗುಟ್ಟು ಇಡೀ ಕೋಣೆಗೆ ಕೇಳಿಸುತ್ತದೆ. ಕಪ್ಪು ಕೋಟು ತೊಟ್ಟು ಗೋಡೆಯ ಬಳಿ ನೀರು ಕುಡಿಯುತ್ತಿದ್ದ ಒಬ್ಬ ಹುಡುಗಿ ತಟಕ್ಕನೆ ತಿರುಗಿದಳು.

"ಅಂಕಲ್, ನೀವು ಸುಳ್ಯ ಕಡೆಯವರಾ?"

"ಕಡಬ. ನೀನು?"

"ಅಜ್ಜಾವರ" ಎಂದಳು. ಅವಳ ಮುಖ ಅರಳಿದ್ದು ನೋಡಬೇಕಿತ್ತು. ಅಕ್ಕನ ಕೈಯನ್ನಂತೂ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಲ್ಲಿ ಡೀಲರ್ ಆಗಿದ್ದಾಳಂತೆ.

"ಎಂತದ್ದರ ಡೀಲರ್? ಗೊಬ್ಬರದ್ದಾ?" ಎಂದಳು ಅಕ್ಕ.

"ಅಲ್ಲ ಆಂಟಿ, ಎಲೆ ಹಾಕುದು" ಎಂದು ನಕ್ಕಳು. ಮೇಜಿನ ಹಿಂದೆ ನಿಂತು ಎಲೆ ಕಲಸಿ ಹಂಚುವುದು, ಪಣ ಸರಿಯಿದೆಯೋ ನೋಡುವುದು, ಗೆದ್ದವರ ಕಡೆ ರಾಶಿ ತಳ್ಳುವುದು ಅವಳ ಕೆಲಸ. ಸ್ವಲ್ಪ ಹೊತ್ತು ವಿರಾಮ ಇತ್ತು. ಭಾವ ತಮ್ಮ ದುಃಖ ಹೇಳಿಕೊಂಡರು.

"ನಾನು ಸೇರಿದಾಗ ಪೂರ್ತಿ ಎರಡೆಲೆಯೇ ಇದ್ದದ್ದು ಅಂಕಲ್. ಈಗ ಎಲ್ಲ ಒಮಾಹ. ನಾಲ್ಕೆಲೆ."

"ಯಾಕೆ? ಎರಡಕ್ಕೆ ಎಂತ ರೋಗ?"

"ಎರಡರಲ್ಲಿ ಕಾಯ್ಬೇಕು. ಒಳ್ಳೆದು ಬರುವಲ್ಲಿವರೆಗೆ ಬಿಟ್ಟು ಬಿಟ್ಟು ಕೂರ್ಬೇಕು. ಈಗ ಯಾರಿಗೆ ಉಂಟು ಅಷ್ಟು ತಾಳ್ಮೆ? ನಾಲ್ಕು ಕೈಯಲ್ಲಿ ಬಂದ್ರೆ ಪ್ರತಿಯೊಬ್ಬನಿಗೂ ನನ್ನ ಹತ್ರ ಎಂತದೋ ಉಂಟು ಅಂತ ಕಾಣ್ತದೆ. ಮತ್ತೆ ಯಾರೂ ಬಿಡುದಿಲ್ಲ. ಆಟ ಜೋರಾಗ್ತದೆ."

ಆ ದಿನ ಭಾವ ಕೂರಲಿಲ್ಲ. ಖಾಲಿ ಮೇಜಿನ ಮುಂದೆ ಕಾದರು, ಬೂಟು ಬಿಚ್ಚಿದರು, ಪುನಃ ಹಾಕಿದರು. ಜನ ಸೇರಲೇ ಇಲ್ಲ. ಅಕ್ಕ ಅಲ್ಲಿನ ಊಟವನ್ನು ನಿಧಾನವಾಗಿ, ಒಂದೂ ಬಗೆ ಬಿಡದೆ ರುಚಿ ನೋಡಿದಳು. ಹುಡುಗಿಯ ನಂಬರು ತೆಗೆದುಕೊಂಡಳು. ವಾಪಸು ಬರುವಾಗ ರೈಲಿನಲ್ಲಿ ಭಾವ ಹೇಳಿದ್ದು ಒಂದೇ ಮಾತು. "ನಾಲ್ಕಾದ್ರೆ ನಾಲ್ಕು. ಕಲಿಯುವ."

ಕಲಿಯಲು ಕೂತಾಗ ತೊಂದರೆ ಶುರುವಾಯಿತು. ಒಮಾಹದಲ್ಲಿ ಕೈಗೆ ನಾಲ್ಕು ಎಲೆ ಬಂದರೂ ಕಟ್ಟಿಗೆ ತೆಗೆದುಕೊಳ್ಳುವುದು ಎರಡೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಾಕಿ ಮೂರು ಮೇಜಿನಿಂದಲೇ ಆಗಬೇಕು. ಈ ಒಂದು ನಿಯಮ ಭಾವನ ಹೊಟ್ಟೆಯೊಳಗೆ ಇಳಿಯಲೇ ಇಲ್ಲ. ಒಂದು ಭಾನುವಾರ ಕೈಗೆ ಮೂರು ಎಕ್ಕ ಬಂದವು. ಗೇರುಬೀಜವನ್ನೆಲ್ಲ ಮುಂದೆ ತಳ್ಳಿ, ಎಲೆಗಳನ್ನು ಪಟಾರೆಂದು ಬಡಿದು, "ಮೂರು ಎಕ್ಕ!" ಎಂದು ಕೂಗಿದರು. ನಾನು ಎರಡು ಜೊತೆ ತೋರಿಸಿ ಬೀಜ ಎಳೆದುಕೊಂಡೆ.

"ನಿಮ್ಮದು ಎರಡೇ ಎಕ್ಕ ಭಾವ. ಮೂರನೆಯದ್ದು ಲೆಕ್ಕಕ್ಕಿಲ್ಲ."

"ಕೈಯಲ್ಲಿ ಇರುವುದು ಲೆಕ್ಕಕ್ಕಿಲ್ಲ ಅಂದ್ರೆ? ಮತ್ತೆ ಕೊಡುದು ಯಾಕೆ?"

ಬಾಗಿಲಲ್ಲಿ ನಿಂತ ಅಕ್ಕ, "ಕಪಾಟಿನಲ್ಲಿ ಎಷ್ಟು ಸೀರೆ ಇದ್ರೂ ಉಡುದು ಒಂದೇ ಅಲ್ವಾ? ಇದರಲ್ಲಿ ಎರಡು ಉಡ್ಲಿಕ್ಕೆ ಬಿಡ್ತಾರೆ, ಅದೇ ಲಾಭ ಅಂತ ತಿಳ್ಕೊಳ್ಳಿ" ಎಂದಳು. ಸಾರಿಗೆ ಗೋಡಂಬಿ ಅರೆಯಲಿಕ್ಕೆ ಬೇಕು ಎಂದು ನಾನು ಗೆದ್ದ ಬೀಜವನ್ನೂ ಸೆರಗಿಗೆ ಸುರಿದುಕೊಂಡು ಹೋದಳು. ಆ ವರ್ಷ ನಮ್ಮ ಆಟದಲ್ಲಿ ಕೊನೆಗೆ ಗೆಲ್ಲುತ್ತಿದ್ದದ್ದು ಯಾವಾಗಲೂ ಅಡಿಗೆಮನೆ.

ನಾಲ್ಕೆಲೆ ಒತ್ತೊತ್ತಾಗಿ ಹಿಡಿದಾಗ ಭಾವನಿಗೆ ಕೆಂಪಿನಲ್ಲಿ ಆಟಿನ್ ಯಾವುದು ಡೈಮನ್ ಯಾವುದು ಎಂದೂ ತಪ್ಪುತ್ತಿತ್ತು. ಅಂಗಡಿಗೆ ಕರೆಸಿ ಕಣ್ಣು ನೋಡಿ ಹೊಸ ಕನ್ನಡಕ ಕೊಟ್ಟೆ. ಮುಂದಿನ ಮಳೆ ಮುಗಿಯುವಾಗ ಅವರು ನಿಜಕ್ಕೂ ಪಳಗಿದ್ದರು. ಎರಡೇ ಎಲೆ ಎಂಬುದು ರಕ್ತಕ್ಕೆ ಸೇರಿತ್ತು. ಅಷ್ಟರಲ್ಲಿ ಅಜ್ಜಾವರದಿಂದ ಕರೆ ಬಂತು. ಹುಡುಗಿ ರಜೆಯಲ್ಲಿ ಬಂದಿದ್ದಾಳೆ, ಅವಳ ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವುದಂತೆ, ಆಂಟಿ ಅಂಕಲ್ ಎಲ್ಲ ಬರಬೇಕಂತೆ. ಮೂವರೂ ಹೊರಟೆವು.

ಅಂಗಳಕ್ಕೆ ಕಾಲಿಡುವಾಗಲೇ ಹುಡುಗಿ ನಮ್ಮನ್ನು ಬದಿಗೆ ಕರೆದಳು. "ಅಂಕಲ್, ಒಂದು ವಿಷಯ. ಅಪ್ಪ ಅಮ್ಮನಿಗೆ ನನ್ನ ಕೆಲಸ ಗೊತ್ತುಂಟು. ಅಜ್ಜಿಗೆ ಮಾತ್ರ ಹೇಳ್ಲಿಲ್ಲ. ಹಡಗಿನ ಹೋಟೆಲ್ ಅಂತ ಹೇಳಿದ್ದು. ಜೂಜಿನ ಜಾಗ ಅಂತ ಗೊತ್ತಾದ್ರೆ ಬೇಜಾರು ಮಾಡ್ತಾರೆ."

"ನನ್ನ ಬಾಯಿಂದ ಹೊರಗೆ ಬರುದಿಲ್ಲ" ಎಂದು ಭಾವ ಎದೆ ಮುಟ್ಟಿಕೊಂಡರು. ಮತ್ತೆ ತಡೆಯಲಾರದೆ, "ನಾಲ್ಕೆಲೆ ಪೂರ್ತಿ ಕಲ್ತೆ ಮಾರಾಯ್ತಿ! ದೀಪಾವಳಿ ಆದ ಕೂಡ್ಲೇ ಬರ್ತೇವೆ" ಎಂದರು.

ಹುಡುಗಿ ಕೆಳತುಟಿ ಕಚ್ಚಿಕೊಂಡಳು. "ಅಯ್ಯೋ ಅಂಕಲ್, ಈಗ ನಾಲ್ಕು ಯಾರು ಕೇಳ್ತಾರೆ? ಈಗ ಐದು."

"ಐದಾ!"

"ಹೂಂ. ಫೋನಿನಲ್ಲಿ ದುಡ್ಡಿಟ್ಟು ಆಡುದನ್ನು ಸರಕಾರ ನಿಲ್ಲಿಸಿತಲ್ಲ, ಅವರೆಲ್ಲ ಈಗ ನಮ್ಮಲ್ಲಿಗೇ ಬರುದು. ಬಂದ ಕೂಡ್ಲೇ ಐದೆಲೆಯ ಟೇಬಲ್ ಕೇಳುದು. ಶನಿವಾರ ಆದಿತ್ಯವಾರ ಆರು ಕೂಡ ಉಂಟು. ಹಾಕಿ ಹಾಕಿ ನನ್ನ ಮಣಿಕಟ್ಟು ನೋವು."

ಭಾವನ ಮುಖ ಕರೆಂಟು ಹೋದ ಗಿರಣಿಯ ಹಾಗೆ ಆಯಿತು. ಊಟದ ಪಂಕ್ತಿಯಲ್ಲಿ ಕೂತಾಗಲೂ ಆ ಆಘಾತದಿಂದ ಹೊರಗೆ ಬಂದಿರಲಿಲ್ಲ. ನಾನು ಅವರ ಎಡಕ್ಕೆ, ಅಕ್ಕ ಬಲಕ್ಕೆ. ಪಂಕ್ತಿಯ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಅಜ್ಜಿ ಕೂತಿದ್ದರು. ಬೆಳ್ಳಗಿನ ತಲೆ, ಚುರುಕು ಕಣ್ಣು, ಯಾರಿಗೆ ಎಷ್ಟು ಬಡಿಸಿದರು ಎಂಬ ಪೂರ್ತಿ ನಿಗಾ. ನಾವು ಗೋವಾದಲ್ಲಿ ಮೊಮ್ಮಗಳನ್ನು ನೋಡಿದವರು ಎಂದು ತಿಳಿದು ಕುರ್ಚಿಯನ್ನು ಇನ್ನೂ ಹತ್ತಿರ ಎಳೆಸಿದರು.

"ನಮ್ಮ ಮಗು ಅಲ್ಲಿ ಎಂತ ಕೆಲ್ಸ ಮಾಡ್ದು? ನಂಗೆ ಒಬ್ರೂ ಸರಿಯಾಗಿ ಹೇಳುದಿಲ್ಲೆ" ಎಂದರು ಸುಳ್ಯ ಕಡೆಯ ಅರೆಭಾಷೆಯಲ್ಲಿ.

ಅದೇ ಹೊತ್ತಿಗೆ ನಮ್ಮ ಮುಂದೆ ಬಾಳೆ ಎಲೆ ಹಾಕುತ್ತಾ ಒಬ್ಬರು ಬಂದರು. ಭಾವ ಎಲೆಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಸುಳ್ಳು ಹೇಳಬಾರದು, ನಿಜವನ್ನೂ ಹೇಳಬಾರದು. ದೇವರೇ ದಾರಿ ತೋರಿಸಿದ ಹಾಗೆ ಅವರ ಮುಖ ಬೆಳಗಿತು.

"ಎಲೆ ಹಾಕುದು ಅಜ್ಜಿ. ಬಂದವರಿಗೆಲ್ಲ ಎಲೆ ಹಾಕುದು. ಅವಳ ಕೈ ನೋಡ್ಬೇಕು ನೀವು, ಎಷ್ಟು ಚಂದ, ಎಷ್ಟು ಬೇಗ!"

ಅಜ್ಜಿಗೆ ಸಮಾಧಾನವಾಯಿತು. ಎಲೆ ಹಾಕುವುದು ಒಳ್ಳೆಯ ಕೆಲಸ, ಹಸಿದವರ ಮುಂದಿನ ಕೆಲಸ ಎಂದರು. ಭಾವ ಅಲ್ಲಿಗೆ ಬಾಯಿ ಮುಚ್ಚಿದ್ದರೆ ಸುಖವಾಗಿ ಪಾಯಸ ಉಂಡು ಬರಬಹುದಿತ್ತು. ಆದರೆ ಅವರೊಳಗೆ ಹೊಸ ಗಾಯವೊಂದು ಉರಿಯುತ್ತಿತ್ತು.

"ಮೊದ್ಲು ಒಬ್ಬೊಬ್ಬರಿಗೆ ಎರಡು ಹಾಕ್ತಿದ್ರು. ಆಮೇಲೆ ನಾಲ್ಕು ಮಾಡಿದ್ರು. ಈಗ ನೋಡಿದ್ರೆ ಐದಂತೆ!"

"ಒಬ್ಬಂಗೆ ಐದ್ ಎಲೆಯಾ?" ಅಜ್ಜಿಯ ಕಣ್ಣು ದೊಡ್ಡದಾಯಿತು. "ಎಷ್ಟ್ ತಿಂದವು ಅವು?"

ಅಕ್ಕ ಮೊಣಕೈಯಿಂದ ತಿವಿದಳು. ನಾನು ಎಡಗಡೆಯಿಂದ ಕೆಮ್ಮಿದೆ. ಭಾವನಿಗೆ ಎರಡೂ ತಾಗಲಿಲ್ಲ. ಒಂದು ವರ್ಷದ ಅಭ್ಯಾಸ ನೀರುಪಾಲಾದವರಿಗೆ ಕೇಳುವ ಕಿವಿಯೊಂದು ಸಿಕ್ಕಿತ್ತು.

"ಅನ್ಯಾಯ ಅಂದ್ರೆ ಎಂತ ಗೊತ್ತುಂಟಾ ಅಜ್ಜಿ? ಐದು ಹಾಕಿದ್ರೂ ಉಪಯೋಗಕ್ಕೆ ಬರುದು ಎರಡೇ. ಬಾಕಿ ಮೂರು ವೇಸ್ಟ್! ಮೊನ್ನೆಯಿಂದ ಆರು ಹಾಕ್ಲಿಕ್ಕೂ ಶುರು ಮಾಡಿದ್ದಾರಂತೆ. ಹುಡುಗಿಗೆ ಎಲೆ ಹಾಕಿ ಹಾಕಿ ಕೈನೋವು."

ಅಜ್ಜಿ ಎದ್ದು ನಿಂತರು. ಸಾರು ಬಡಿಸುತ್ತಿದ್ದವನು ಸೌಟು ಎತ್ತಿ ಹಾಗೆಯೇ ನಿಂತ. ಪಾತ್ರೆಯ ಹತ್ತಿರ ಇದ್ದ ಮೊಮ್ಮಗಳನ್ನು ಅಜ್ಜಿ ಇಡೀ ಅಂಗಳಕ್ಕೆ ಕೇಳಿಸುವ ಹಾಗೆ ಕರೆದರು.

"ಮಗಾ, ನೀ ಇನ್ನ್ ಆ ಕೆಲ್ಸಕ್ಕೆ ಹೋಗುದು ಬೇಡ! ಒಬ್ಬಂಗೆ ಐದ್ ಎಲೆ ಹಾಕಿ ಮೂರ್ ಎಲೆ ಬಿಸಾಡುವವರ ಒಟ್ಟಿಗೆ ನಮ್ಗೆ ಎಂತ? ಅನ್ನ ಉಣ್ಣುವ ಎಲೆ ಅದ್!"

ಹುಡುಗಿಯ ಅಪ್ಪನಿಗೆ ಸಾರು ನೆತ್ತಿಗೇರಿತು. ಹುಡುಗಿ ಮೊದಲು ಅಜ್ಜಿಯನ್ನು ನೋಡಿದಳು, ಆಮೇಲೆ ಭಾವನನ್ನು. ಭಾವ ತಮ್ಮ ಎಲೆಯ ಮೇಲಿನ ಉಪ್ಪನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಎಂತದೋ ಹೇಳಿ ತೇಲಿಸಬಹುದಿತ್ತು ಅವಳು. ಆದರೆ ಅವಳು ಕೈ ತೊಳೆದು, ಊಟದ ನಂತರ ಗಂಡಸರು ಆಡಲೆಂದು ಚಾವಡಿಯಲ್ಲಿ ಇಟ್ಟಿದ್ದ ಇಸ್ಪೀಟಿನ ಕಟ್ಟು ತಂದಳು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಕಾಲಬುಡದಲ್ಲಿ ಕೂತು, ಕಟ್ಟನ್ನು ಒಮ್ಮೆ ಕಲಸಿ, ಅಜ್ಜಿಯ ಮಡಿಲಿಗೆ ಒಂದೊಂದಾಗಿ ಐದು ಎಲೆ ಹಾಕಿದಳು. ಎಲೆಗಳು ಗಾಳಿಯಲ್ಲಿ ಜಾರಿದ ಹಾಗೆ ಹೋಗಿ ಸಾಲಾಗಿ ಬಿದ್ದವು.

"ಇದ್ ಅಜ್ಜಿ, ನಾ ಹಾಕುವ ಎಲೆ."

ಅಜ್ಜಿ ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು.

"ಇಸ್ಪೀಟಾ?"

"ಹೂಂ."

"ನೀ ಆಡುದಾ?"

"ಇಲ್ಲೆ. ಆಡುದು ಬಂದ ಜನ. ನಾ ಹಾಕುದು ಮಾತ್ರ."

ಅಜ್ಜಿ ದೊಡ್ಡದೊಂದು ಉಸಿರು ಬಿಟ್ಟರು. "ಹಾಂಗೆ ಹೇಳ್! ನಾ ಬಾಳೆಲೆ ಅಂತ ತಿಳ್ಕಂಡೆ" ಎಂದರು. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ನಗು ಹೊರಟಿತು. ಹುಡುಗಿಯೂ ನಕ್ಕಳು, ನಗುತ್ತಾ ನಗುತ್ತಾ ಅಳು ಬಂತು, ಅಜ್ಜಿಯ ಸೀರೆಗೇ ಮುಖ ಒರೆಸಿಕೊಂಡಳು. ಅಜ್ಜಿ ಅವಳ ಮಣಿಕಟ್ಟನ್ನು ಹಿಡಿದು, ಎಲ್ಲಿ ನೋಯುವುದು ಎಂದು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ನಂಗೆ ಹೇಳದೆ ಎಂತಕೆ ಇದ್ದ್? ನಾ ಎಂತ ಹುಲಿಯಾ?" ಎಂದರು. ನೋವಿಗೆ ಬೇರು ಹಾಕಿ ಕಾಯಿಸಿದ ಎಣ್ಣೆ ಕೊಡುತ್ತೇನೆ, ಹೋಗುವಾಗ ಕುಪ್ಪಿಯಲ್ಲಿ ತೆಗೆದುಕೊಂಡು ಹೋಗು ಎಂದರು. ಬಡಿಸುವವನಿಗೆ, ಸಾರು ತಣಿಯಿತು ಎಂದು ಗದರಿದರು.

ವಾಪಸು ಬರುವಾಗ ಬಸ್ಸು ಸುಳ್ಯ ದಾಟಿದ ಮೇಲೆ ಅಕ್ಕ ಭಾವನ ಕಡೆ ತಿರುಗಿದಳು. "ಬಾಯಿಂದ ಹೊರಗೆ ಬರುದಿಲ್ಲ ಅಂತ ಹೇಳಿದವರು ಯಾರು?" ಎಂದಳು.

"ನಾನು ಹೇಳಿದ್ರಲ್ಲಿ ಒಂದಕ್ಷರ ಸುಳ್ಳುಂಟಾ? ಒಂದಕ್ಷರ ಗುಟ್ಟುಂಟಾ?" ಭಾವನದ್ದು ನಿಜವಾದ ಬೇಸರ. ಯೋಚಿಸಿದರೆ ಎರಡೂ ಇರಲಿಲ್ಲ. ಅಕ್ಕನ ಭುಜ ಅಲುಗುವುದು ಕಂಡಿತು. ಕಿಟಕಿಯ ಕಡೆ ತಿರುಗಿ ಅವಳು ನಗುತ್ತಿದ್ದಳು.

ಐದೆಲೆಯನ್ನು ಭಾವ ಚಳಿಗಾಲದೊಳಗೆ ಕಲಿತರು. ಆರಕ್ಕೆ ಏರುವ ಮೊದಲು ಹೋಗಿಬಿಡಬೇಕೆಂದು ಅವಸರ. ವಾರದ ಮಧ್ಯದ ಒಂದು ಮಧ್ಯಾಹ್ನ ನಾವು ಪುನಃ ಆ ಹಡಗಿನಲ್ಲಿದ್ದೆವು. ಬೂಟು ಈಗ ಸಡಿಲವಾಗಿತ್ತು. ಅಕ್ಕ ಕೊಡುವಷ್ಟನ್ನು ಕೊಟ್ಟಳು. ಭಾವ ಕೂತ ಮೇಜಿಗೆ, ಅದೃಷ್ಟವೋ ಏನೋ, ಸ್ವಲ್ಪ ಹೊತ್ತಿನಲ್ಲಿ ಅಜ್ಜಾವರದ ಹುಡುಗಿಯೇ ಎಲೆ ಹಾಕಲು ಬಂದಳು. ಮೇಜಿನಲ್ಲಿ ಪರಿಚಯ ತೋರಿಸುವ ಹಾಗಿಲ್ಲ. "ನಿಮ್ಮ ಸರದಿ, ಸರ್" ಎಂದಳು ಇಂಗ್ಲಿಷಿನಲ್ಲಿ. ಭಾವನಿಗೆ ಆ "ಸರ್" ಕೇಳಿ ಅರ್ಧ ಖುಷಿ, ಅರ್ಧ ಸಂಕಟ. ಮೇಜುಗಳ ಸುತ್ತ ಕಟ್ಟಿದ ಹಗ್ಗದ ಈಚೆ ನಿಂತು ನೋಡುತ್ತಿದ್ದ ನಮ್ಮ ಕಡೆ ಒಮ್ಮೆ ತಿರುಗಿದರು.

ತುಂಬ ಹೊತ್ತು ಅವರು ಎಲೆ ನೋಡುವುದು, ಬಿಡುವುದು, ನೋಡುವುದು, ಬಿಡುವುದು. ಪಕ್ಕದವರು ಪ್ರತಿ ಆಟಕ್ಕೂ ನುಗ್ಗುತ್ತಿದ್ದರು. ಕೊನೆಗೊಮ್ಮೆ ಅವರ ಬೆನ್ನು ನೆಟ್ಟಗಾಯಿತು. ಕೈಯಲ್ಲಿ ಆಟಿನಿನ ಎಕ್ಕ ಇತ್ತು, ಇನ್ನೊಂದು ಆಟಿನ್ ಇತ್ತು ಎಂದು ಆಮೇಲೆ ನಮಗೆ ಗೊತ್ತಾಯಿತು. ಮೇಜಿನಲ್ಲಿ ನಾಲ್ಕನೆಯ ಎಲೆ ಬಿದ್ದಾಗ ಅಲ್ಲಿಯೂ ಮೂರು ಆಟಿನ್ ಆದವು. ಒಂದೇ ಜಾತಿಯ ಐದು, ಅದರಲ್ಲೂ ಎಕ್ಕದ್ದು. ಆ ಕ್ಷಣಕ್ಕೆ ಅದಕ್ಕಿಂತ ದೊಡ್ಡ ಕಟ್ಟು ಯಾರ ಹತ್ತಿರವೂ ಇರಲು ಸಾಧ್ಯವಿಲ್ಲ. ಭಾವ ಪಣ ಏರಿಸಿದರು. ಟೋಪಿ ಹಿಂದುಮುಂದಾಗಿ ಹಾಕಿದ್ದ ಒಬ್ಬ ಯುವಕ ಮಾತ್ರ ಉಳಿದ.

ಕೊನೆಯ ಎಲೆ ಬಿತ್ತು. ಒಂಬತ್ತು. ಮೇಜಿನಲ್ಲಿ ಮೊದಲೇ ಒಂದು ಒಂಬತ್ತು ಇತ್ತು. ಯುವಕ ಸೀದಾ ಎಷ್ಟು ಹಾಕಬಹುದೋ ಅಷ್ಟನ್ನೂ ಮುಂದೆ ತಳ್ಳಿದ.

ಭಾವ ಕನ್ನಡಕ ತೆಗೆದು ಒರೆಸಿದರು. ಪುನಃ ಹಾಕಿಕೊಂಡರು. ಅಕ್ಕ ನನ್ನ ತೋಳನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಮೇಜಿನಲ್ಲಿ ಒಂಬತ್ತು ಜೊತೆಯಾದ ಮೇಲೆ, ಎದುರಿನವನ ಕೈಯಲ್ಲಿ ಇನ್ನೊಂದು ಒಂಬತ್ತೂ ಜೊತೆಗೆ ಸರಿಯಾದ ಇನ್ನೊಂದು ಎಲೆಯೂ ಇದ್ದರೆ, ಮೂರೊಂದು ಬಗೆ ಎರಡೊಂದು ಬಗೆಯ ಆ ಕಟ್ಟಿನ ಮುಂದೆ ಭಾವನ ಆಟಿನ್ ಎಲ್ಲ ಚಿಂದಿ. ಐದೈದು ಎಲೆ ಹಿಡಿದವರ ಮಧ್ಯೆ ಅಂಥದ್ದು ಇರುವುದೇ ಹೆಚ್ಚು. ಇದನ್ನು ಗಿರಣಿಯ ಕೋಣೆಯಲ್ಲಿ ನೂರು ಸಲ ಮಾತಾಡಿದ್ದೆವು, ನೂರು ಸಲವೂ ಭಾವ ಬಿಡದೆ ಸೋತಿದ್ದರು. ಈ ಮನುಷ್ಯ ಹಾರ್ಮೋನಿಯಮ್ಮನ್ನೂ ಮೂರು ರೀಡು ಮುರಿದ ಮೇಲೆಯೇ ಬಿಟ್ಟವರು.

ಅವರು ಎಲೆಗಳನ್ನು ಮೆಲ್ಲನೆ ಮುಂದೆ ದೂಡಿ, "ಬಿಟ್ಟೆ" ಎಂದರು. ಕನ್ನಡದಲ್ಲಿಯೇ.

ಯುವಕ ತೋರಿಸಬೇಕೆಂದಿರಲಿಲ್ಲ. ಹೆಮ್ಮೆಗೆ ತೋರಿಸಿದ. ಮೂರು ಒಂಬತ್ತು, ಎರಡು ರಾಜ. ಹುಡುಗಿ ಎಲೆಗಳನ್ನು ಒಟ್ಟುಮಾಡುತ್ತಾ ಒಂದು ಗಳಿಗೆ ಭಾವನ ಮುಖ ನೋಡಿದಳು. ಅವಳ ತುಟಿಯ ತುದಿ ಒಂದು ಕೂದಲೆಳೆಯಷ್ಟು ಮೇಲೆ ಹೋಯಿತು.

ಭಾವ ಅಷ್ಟಕ್ಕೇ ಎದ್ದು ಬಂದರು. ಕೊಟ್ಟದ್ದರಲ್ಲಿ ಸ್ವಲ್ಪ ಉಳಿದಿತ್ತು, ಅದನ್ನು ಅಕ್ಕನ ಕೈಗೆ ಹಾಕಿದರು. ಅಕ್ಕ ಬೈಯಲಿಲ್ಲ. "ಹಸಿವಾಗುದಿಲ್ವಾ ನಿಮಗೆ?" ಎಂದು ಕೇಳಿದಳು. ದೋಣಿಯಲ್ಲಿ ದಡಕ್ಕೆ ಬರುವಾಗ ಭಾವ ಹಡಗಿನ ಕಡೆ ಬೆನ್ನು ಹಾಕಿ ಕೂತು, ನದಿಯನ್ನು ನೋಡುತ್ತಾ, ಸಣ್ಣಗೆ ಏನೋ ಗುನುಗುತ್ತಿದ್ದರು.

ಈಗ ಗಿರಣಿಗೆ ಬಂದವರಿಗೆಲ್ಲ ಈ ಕಥೆ ಕೇಳದೆ ಹಿಟ್ಟು ಸಿಗುವುದಿಲ್ಲ. ಮೊನ್ನೆ ನಾನು ಇದ್ದಾಗಲೇ ಅಕ್ಕಿ ಬೀಸಲು ಬಂದ ಒಬ್ಬ ಹೆಂಗಸು, "ಗೋವಾಕ್ಕೆ ಹೋಗಿದ್ರಂತೆ, ಗೆದ್ರಾ?" ಎಂದು ಕೇಳಿದರು.

"ಗೆದ್ದದ್ದಲ್ಲ, ಬಿಟ್ಟದ್ದು" ಎಂದು ಭಾವ ಶುರು ಮಾಡಿದರು. ಎಕ್ಕ ಬಂತು, ಆಟಿನ್ ಬಂತು, ಒಂಬತ್ತು ಬಂತು. ಹೆಂಗಸು ಚೀಲ ಹಿಡಿದುಕೊಂಡು ಪೂರ್ತಿ ಕೇಳಿದರು.

"ಬಿಟ್ಟದ್ದಕ್ಕೆ ಇಷ್ಟು ಖುಷಿಯಾ ಮಾರಾಯ್ರೆ? ಹಾಗಾದ್ರೆ ಹೋಗದೇ ಇದ್ದಿದ್ರೆ ಇನ್ನೂ ಖುಷಿ ಆಗ್ತಿತ್ತಲ್ಲ!"

ಭಾವ ಸ್ವಿಚ್ಚು ಒತ್ತಿ ಗಿರಣಿ ಶುರು ಮಾಡಿದರು. ಆ ಶಬ್ದದಲ್ಲಿ ಅವರು ಕೊಟ್ಟ ಉತ್ತರ ನನಗೂ ಕೇಳಿಸಲಿಲ್ಲ, ಆ ಹೆಂಗಸಿಗೂ ಕೇಳಿಸಲಿಲ್ಲ.